ಬೆರಳು ಹೋಗಿದ್ದು ಪ್ರೆಸ್‌ನಲ್ಲಿ, ಆಸ್ಪತ್ರೆ ಚೀಟಿಯಲ್ಲಿರೋದು ಮನೆ ಗೇಟು. ಈಗೇನು ಮಾಡೋದು?

ದೊಡ್ಡಕ್ಕ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರಾಗಬೇಡಿ.

ನನ್ನ ತಮ್ಮನಿಗೆ 30 ವರ್ಷ. ಪೀಣ್ಯ ಕಡೆ ಒಂದು ಸಣ್ಣ ಯೂನಿಟ್‌ನಲ್ಲಿ ಪವರ್ ಪ್ರೆಸ್ (ತಗಡು ಒತ್ತುವ ಮಷಿನ್) ಓಡಿಸುತ್ತಾನೆ. 19 ದಿನದ ಹಿಂದೆ ನೈಟ್ ಶಿಫ್ಟ್‌ನಲ್ಲಿ ಬಲಗೈ ಅದರ ಡೈಗೆ (ಅಚ್ಚಿಗೆ) ಸಿಕ್ಕಿಕೊಂಡಿತು. ತೋರುಬೆರಳಿನಲ್ಲಿ ಎರಡು ಗೆಣ್ಣು, ನಡುಬೆರಳಿನಲ್ಲಿ ಒಂದು ಗೆಣ್ಣು ಹೋಯಿತು. ರಾತ್ರಿ ಎರಡು ಗಂಟೆಗೆ ಸೂಪರ್‌ವೈಸರ್ ತನ್ನ ಬೈಕಿನಲ್ಲೇ ಕೂರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರಂತೆ. ಅಲ್ಲಿ ಡಾಕ್ಟರ್ ಕೇಳಿದಾಗ ತಮ್ಮ ಬಾಯಿ ಬಿಡುವ ಮೊದಲೇ ಅವರೇ ಹೇಳಿದ್ದು: "ಮನೆ ಗೇಟಿಗೆ ಕೈ ಸಿಕ್ಕಿತು." ಅದನ್ನೇ ಬರೆದುಕೊಂಡರು. ಡಿಸ್ಚಾರ್ಜ್ ಚೀಟಿಯಲ್ಲೂ ಅದೇ ಇದೆ.

ಬಿಲ್ ಕಂಪನಿಯವರೇ ಕಟ್ಟಿದರು. ಈಗ 40,000 ಕೊಡ್ತೀವಿ, ಛಾಪಾ ಕಾಗದದಲ್ಲಿ ಸಹಿ ಹಾಕಿ, ಕೈ ವಾಸಿಯಾದ ಮೇಲೆ ಪ್ಯಾಕಿಂಗ್‌ನಲ್ಲಿ ಕೆಲಸ ಕೊಡ್ತೀವಿ ಅಂತಿದ್ದಾರೆ. ತಮ್ಮ ಸಹಿ ಹಾಕಿಬಿಡೋಣ ಅಂತಾನೆ. ಸಂಬಳ 16,500. ಪೇ ಸ್ಲಿಪ್‌ನಲ್ಲಿ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಅಂತ 124 ರೂಪಾಯಿ ಹಿಡಿದಿದ್ದಾರೆ. ಆದರೆ ಒಂದು ದಿನವೂ ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋಗಿಲ್ಲ.

ಸಹಿ ಹಾಕಬೇಕಾ, ಬೇಡವಾ? ಆ ಗೇಟಿನ ಕಥೆ ತಿದ್ದಿಸಬಹುದಾ?

ಲೇತ್ ಮಾಸ್ತರ್
ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ಬರೀ ಓದುವವ
40 ಸಾವಿರ ಕಡಿಮೆ ಅಂತ ಅನಿಸಬಹುದು. ಆದರೆ ಕೋರ್ಟು ಕಚೇರಿ ಅಂತ ಅಲೆದರೆ ಅಷ್ಟೇ ಖರ್ಚಾಗತ್ತೆ. ಕೆಲಸವೂ ಹೋಗತ್ತೆ. ಕೈಗೆ ಬಂದಿದ್ದು ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಲೇತ್ ಮಾಸ್ತರ್
@ಬರೀ ಓದುವವ, ಲೆಕ್ಕ ಮಾಡದೆ ಅಭಿಪ್ರಾಯ ಹೇಳಬಾರದು ಸಾರ್. ನಾನು ಮಾಡ್ತೀನಿ, ನೋಡಿ.

ಬೆರಳಿಗೆ ಎಷ್ಟು ಪರ್ಸೆಂಟ್ ಅಂತ ಕಾನೂನಿನಲ್ಲೇ ಪಟ್ಟಿ ಇದೆ. ತೋರುಬೆರಳು ಎರಡು ಗೆಣ್ಣಿಗೆ 11, ನಡುಬೆರಳು ಒಂದು ಗೆಣ್ಣಿಗೆ 7. ಒಟ್ಟು 18. ತಮ್ಮನ ಸಂಬಳ ದಿನಕ್ಕೆ 550 ಅಂತ ಇಟ್ಟುಕೊಳ್ಳಿ. ಇಎಸ್‌ಐನಲ್ಲಿ ಅದರ 90 ಪರ್ಸೆಂಟ್ ಅಂದರೆ 495. ಅದರಲ್ಲಿ 18 ಪರ್ಸೆಂಟ್ ಅಂದರೆ ದಿನಕ್ಕೆ 89 ರೂಪಾಯಿ. ತಿಂಗಳಿಗೆ ಸುಮಾರು 2,670.

ಇದು ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ದುಡ್ಡಲ್ಲ. ಅವನು ಬದುಕಿರುವವರೆಗೂ ತಿಂಗಳು ತಿಂಗಳು ಬರತ್ತೆ. ಬೇರೆ ಕೆಲಸಕ್ಕೆ ಸೇರಿದರೂ ಬರತ್ತೆ. ಕಂಪನಿ ಕೊಡೋ 40 ಸಾವಿರ ಅಂದರೆ ಬರೀ 15 ತಿಂಗಳ ದುಡ್ಡು. ಹುಡುಗನಿಗೆ ಇನ್ನೂ 30 ವರ್ಷ!

ಇಷ್ಟೇ ಅಲ್ಲ. ಕೈ ವಾಸಿಯಾಗುವವರೆಗೂ ದಿನಕ್ಕೆ 495 ಬೇರೆ ಬರತ್ತೆ. ಈಗ 19 ದಿನ ಆಯ್ತಲ್ಲ, ಅದೇ 9 ಸಾವಿರದ ಮೇಲಾಯ್ತು.

ದೊಡ್ಡಕ್ಕ
ಈ ತಿಂಗಳ ಸಂಬಳ ಕೊಟ್ಟಿಲ್ಲ. "ರಜೆಯಲ್ಲಿದ್ದೀಯಲ್ಲ" ಅಂದರಂತೆ.

ಪ್ರೆಸ್‌ಶಾಪ್ ಪುಟ್ಟ
ಅಕ್ಕಾ, ನಾನೂ ಪ್ರೆಸ್ ಆಪರೇಟರ್. ನನಗೂ ಎಡಗೈ ಕಿರುಬೆರಳು ಅರ್ಧ ಇಲ್ಲ. ಒಂದು ಪ್ರಶ್ನೆ. ಆ ಮಷಿನ್ ಎರಡು ಕೈ ಬಟನ್ನಿನದಾ ಅಥವಾ ಪೆಡಲ್ಲಾ? ಎರಡು ಬಟನ್ ಇದ್ದರೆ ಎರಡೂ ಕೈ ಬಟನ್ ಮೇಲಿರಬೇಕು, ಆಗ ಮಾತ್ರ ಸ್ಟ್ರೋಕ್ (ಪ್ರೆಸ್ಸಿನ ಒತ್ತು) ಬೀಳೋದು. ಕೈ ಡೈ ಒಳಗೆ ಹೋಗೋಕೆ ಸಾಧ್ಯವೇ ಇಲ್ಲ. ಹೋಗಿದೆ ಅಂದರೆ ಒಂದು ಬಟನ್ ಕಟ್ಟಿಬಿಟ್ಟಿದ್ದಾರೆ ಅಂತ ಅರ್ಥ.

ದೊಡ್ಡಕ್ಕ
ಕೇಳಿದೆ. ಒಂದು ಬಟನ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದರಂತೆ. ಪೀಸ್ ಬೇಗ ಬರಲಿ ಅಂತ. ಕೈ ಒಳಗೆ ಹೋಗದ ಹಾಗೆ ಮುಂದೆ ಇರುವ ಗಾರ್ಡ್ ಬಿಚ್ಚಿ ಆರು ತಿಂಗಳಾಯ್ತಂತೆ.

ಪ್ರೆಸ್‌ಶಾಪ್ ಪುಟ್ಟ
ಅಷ್ಟೇ. ಗೇಟು ಯಾಕೆ ಬಂತು ಅಂತ ಗೊತ್ತಾಯ್ತು ಬಿಡಿ.

ಬೇಸರದ ಬೆಂಚು
ರಬ್ಬರ್ ಬ್ಯಾಂಡ್ ಕಟ್ಟಿದ್ದು ಯಾರು? ಆಪರೇಟರೇ ಕಟ್ಟಿರ್ತಾನೆ, ಟಾರ್ಗೆಟ್ ಇನ್ಸೆಂಟಿವ್‌ಗೋಸ್ಕರ. ಆಮೇಲೆ ಮಾಲೀಕನ ಮೇಲೆ ಹೇಳೋದು. ತಪ್ಪು ತನ್ನದಾದರೆ ಪರಿಹಾರ ಸಿಗತ್ತಾ?

ಹಳೇ ಗುಮಾಸ್ತ
ಸಿಗತ್ತೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೀತಿದ್ದೇನೆ. ನಾನು 22 ವರ್ಷ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತನಾಗಿದ್ದೆ. ಈಗ ನಿವೃತ್ತ. ಇಂಥ ಫಾರಂಗಳನ್ನು ತುಂಬಿ ತುಂಬಿ ಬೆರಳು ಸವೆದಿದೆ.

ಇಎಸ್‌ಐನಲ್ಲಿ "ಯಾರ ತಪ್ಪು" ಅನ್ನೋ ಪ್ರಶ್ನೆಯೇ ಬರೋದಿಲ್ಲ. ಕೆಲಸದ ವೇಳೆ, ಕೆಲಸದಿಂದಾಗಿ ಪೆಟ್ಟಾಯಿತಾ? ಅಷ್ಟೇ. ನಿಯಮ ಮೀರಿ ಮಷಿನ್ ಓಡಿಸುತ್ತಿದ್ದರೂ, ಮಾಡುತ್ತಿದ್ದದ್ದು ಮಾಲೀಕನ ಕೆಲಸವೇ ಆಗಿದ್ದರೆ ಅದು ಕೆಲಸದ ಅಪಘಾತವೇ. ಅಜಾಗರೂಕತೆ ಅನ್ನೋದು ಪರಿಹಾರ ತಪ್ಪಿಸುವ ನೆಪ ಆಗೋದಿಲ್ಲ.

ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. ಅದರಲ್ಲಿ ಸ್ವಲ್ಪ ಬಿಗಿ. ಕುಡಿದಿದ್ದರೆ, ಬೇಕೆಂದೇ ಗಾರ್ಡ್ ತೆಗೆದಿದ್ದರೆ ಮಾಲೀಕ ಆಕ್ಷೇಪ ಎತ್ತಬಹುದಿತ್ತು. ಆದರೆ ಸಾವಾದರೆ, ಪೂರ್ತಿ ಶಾಶ್ವತವಾಗಿ ಅಂಗವಿಕಲನಾದರೆ ಆ ಆಕ್ಷೇಪವೂ ನಡೆಯುತ್ತಿರಲಿಲ್ಲ.

ಈಗ ದೊಡ್ಡಕ್ಕ ಅವರೇ, ನಿಮ್ಮ ವಿಷಯ. ಇಎಸ್‌ಐಗೆ ದುಡ್ಡು ಹಿಡಿದಿದ್ದರೆ ಈ ಅಪಘಾತದಿಂದ ಮಾಲೀಕನ ಜೇಬಿನಿಂದ ಒಂದು ಪೈಸೆಯೂ ಹೋಗಬೇಕಿಲ್ಲ. ಚಿಕಿತ್ಸೆ, ಭತ್ಯೆ, ಪಿಂಚಣಿ ಎಲ್ಲ ಇಎಸ್‌ಐನದು. ಮತ್ತೆ ಯಾಕೆ 40 ಸಾವಿರ ಕೊಟ್ಟು ಬಾಯಿ ಮುಚ್ಚಿಸ್ತಿದ್ದಾನೆ? ಯೋಚನೆ ಮಾಡಿ. ದುಡ್ಡು ಉಳಿಸೋಕಲ್ಲ. ಅಪಘಾತದ ವರದಿ ಹೋದರೆ ಕಾರ್ಖಾನೆ ಇನ್‌ಸ್ಪೆಕ್ಟರ್ ಬರ್ತಾರೆ, ರಬ್ಬರ್ ಬ್ಯಾಂಡ್ ಕಾಣತ್ತೆ. ಇಲ್ಲವೇ 40 ಜನ ಕೆಲಸ ಮಾಡ್ತಿದ್ದು ರಿಜಿಸ್ಟರ್‌ನಲ್ಲಿ 12 ಜನ ಇರ್ತಾರೆ. ಎರಡರಲ್ಲೊಂದು.

ದೊಡ್ಡಕ್ಕ
ಅಯ್ಯೋ. ಇದು ನನಗೆ ಹೊಳೆದೇ ಇರಲಿಲ್ಲ.

ವಾರ್ಡ್ ಸಿಸ್ಟರ್
ತುಂಡಾದ ಬೆರಳು ಏನು ಮಾಡಿದರು? ಜೋಡಿಸೋಕೆ ನೋಡಿದರಾ?

ದೊಡ್ಡಕ್ಕ
ಸೆಟ್ಟರ್ (ಡೈ ಕೂರಿಸುವ) ಹುಡುಗ ಒಂದು ಲೋಟದಲ್ಲಿ ಐಸ್ ಹಾಕಿ ಅದರೊಳಗೆ ಇಟ್ಟುಕೊಂಡು ಬಂದಿದ್ದನಂತೆ. ಇದು ಕೆಲಸಕ್ಕೆ ಬರಲ್ಲ ಅಂದರಂತೆ ಡಾಕ್ಟರ್. ಹೊಲಿಗೆ ಹಾಕಿ ಮುಚ್ಚಿದರು.

ವಾರ್ಡ್ ಸಿಸ್ಟರ್
ಪಾಪ, ಅವನು ಒಳ್ಳೇದಕ್ಕೇ ಮಾಡಿದ್ದಾನೆ. ಆದರೆ ನೇರವಾಗಿ ಐಸಿಗೆ ತಾಗಿದರೆ ಅಂಗಾಂಶ ಸತ್ತುಹೋಗತ್ತೆ. ಪ್ರೆಸ್‌ನಲ್ಲಿ ಜಜ್ಜಿದ ಬೆರಳು ಜೋಡಿಸೋದು ಹೇಗೂ ಕಷ್ಟ ಅನ್ನಿ, ಬ್ಲೇಡಿನಲ್ಲಿ ಕತ್ತರಿಸಿದ ಹಾಗಲ್ಲ.

ಇಲ್ಲಿ ಮಷಿನ್ ಹತ್ತಿರ ಕೆಲಸ ಮಾಡುವವರು ಬಹಳ ಜನ ಇದ್ದೀರಿ, ಅದಕ್ಕೇ ಹೇಳ್ತೀನಿ. ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ. ಆ ಕವರನ್ನು ಐಸ್ ನೀರಿನಲ್ಲಿ ಇಡಿ. ಐಸ್ ಬೆರಳಿಗೆ ತಾಗಬಾರದು. ಹೀಗೆ ತಣ್ಣಗಿಟ್ಟ ಬೆರಳು ಹೆಚ್ಚು ಹೊತ್ತು ತಡೆಯತ್ತೆ. ಸುಮ್ನೆ ಬಿಟ್ಟರೆ ಅಷ್ಟು ಹೊತ್ತು ತಡೆಯಲ್ಲ. ಜೋಡಿಸುವ ಸೌಲಭ್ಯ ಎಲ್ಲ ಕಡೆ ಇರಲ್ಲ, ಹತ್ತಿರದ ಆಸ್ಪತ್ರೆಗಿಂತ ಸರಿಯಾದ ಆಸ್ಪತ್ರೆ ಮುಖ್ಯ.

ಪ್ರೆಸ್‌ಶಾಪ್ ಪುಟ್ಟ
ಇದನ್ನು ಪ್ರಿಂಟ್ ತೆಗೆದು ನಮ್ಮ ಶಾಪ್‌ನಲ್ಲಿ ಅಂಟಿಸ್ತೀನಿ ಸಿಸ್ಟರ್. ಮ್ಯಾನೇಜರ್ ಕಿತ್ತು ಹಾಕ್ತಾನೆ, ಆದರೂ.

ಚಕ್ರವರ್ತಿ ಗುಂಡ
ಇಎಸ್‌ಐಗೂ ಹಾಕಿ, ಕಂಪನಿ ಮೇಲೆ ಪರಿಹಾರದ ಕೇಸೂ ಹಾಕಿ. ಎರಡು ಕಡೆಯಿಂದಲೂ ಬರತ್ತೆ. ನಮ್ಮ ಏರಿಯಾದಲ್ಲಿ ಒಬ್ಬರಿಗೆ ಬಂದಿದೆ.

ಹಳೇ ಗುಮಾಸ್ತ
ತಪ್ಪು. ಇಎಸ್‌ಐ ವ್ಯಾಪ್ತಿಗೆ ಬಂದವರು ಅದೇ ಗಾಯಕ್ಕೆ ಮಾಲೀಕರಿಂದ ನೌಕರರ ಪರಿಹಾರ ಕೇಳುವ ಹಾಗಿಲ್ಲ. ಒಂದೇ ದಾರಿ. ನಿಮ್ಮ ಏರಿಯಾದವರಿಗೆ ಬಂದದ್ದು ಬೇರೆ ಏನೋ ಇರಬೇಕು.

ಚಕ್ರವರ್ತಿ ಗುಂಡ
ಅವರಿಗೆ ಬಂದಿದ್ದು ನಾನೇ ನೋಡಿದ್ದೀನಿ.

ಹಳೇ ಗುಮಾಸ್ತ
ಚೆಕ್ ನೋಡಿದಿರಾ, ಆದೇಶ ನೋಡಿದಿರಾ?

ಚಕ್ರವರ್ತಿ ಗುಂಡ
ಹೊಸ ಬೈಕ್ ನೋಡಿದೆ.

ಲೇತ್ ಮಾಸ್ತರ್
😄 ಹೋಗ್ಲಿ ಬಿಡಿ. ಗುಂಡ ಅವರು ಹೇಳಿದ್ದಕ್ಕೆ ಸುಮ್ನೆ ಇನ್ನೊಂದು ಲೆಕ್ಕ ಹಾಕಿದೆ. ಇದೇ ಹುಡುಗನಿಗೆ ಇಎಸ್‌ಐ ಇಲ್ಲದೇ ಇದ್ದಿದ್ದರೆ? 1923ರ ಕಾಯ್ದೆಯ ಲೆಕ್ಕ ಹೀಗಿತ್ತು: ಸಂಬಳದ 60 ಪರ್ಸೆಂಟ್, ಅದಕ್ಕೆ ವಯಸ್ಸಿನ ಅಂಶ (ವಯಸ್ಸಿಗೆ ತಕ್ಕಂತೆ ಕಾಯ್ದೆಯ ಪಟ್ಟಿಯಲ್ಲಿದ್ದ ಸಂಖ್ಯೆ) ಗುಣಿಸಬೇಕು, ಅದರಲ್ಲಿ ಗಾಯದ ಪರ್ಸೆಂಟ್. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ 15,000 ಮಾತ್ರ, 2020ರಿಂದ. ಅಂದರೆ 9,000. 30 ವರ್ಷಕ್ಕೆ ಅಂಶ 207.98. ಗುಣಿಸಿ 18 ಪರ್ಸೆಂಟ್ ತೆಗೆದರೆ 3,36,928 ರೂಪಾಯಿ. ಆಸ್ಪತ್ರೆ ಬಿಲ್ ಬೇರೆ, ಅದೂ ಮಾಲೀಕರದ್ದೇ.

ಅಂದರೆ ಯಾವ ದಾರಿ ಹಿಡಿದರೂ 40 ಸಾವಿರ ಅನ್ನೋ ಸಂಖ್ಯೆ ಎಲ್ಲೂ ಬರಲ್ಲ. ಅದು ಅವರ ಬಾಯಿಗೆ ಬಂದ ಸಂಖ್ಯೆ.

ಸಂಹಿತೆ ಸುಬ್ಬ
ಹಿರಿಯರು 1923ರ ಕಾಯ್ದೆ ಅಂತ ಮಾತಾಡ್ತಿದ್ದೀರಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಅನ್ನೋ ಹೊಸ ಕಾನೂನು ಜಾರಿಗೆ ಬಂದಿದೆ. ನೌಕರರ ಪರಿಹಾರ ಕಾಯ್ದೆ, ಇಎಸ್‌ಐ ಕಾಯ್ದೆ ಎರಡೂ ಅದರೊಳಗೆ ಸೇರಿವೆ. ಅರ್ಜಿಯಲ್ಲಿ ಹಳೇ ಸೆಕ್ಷನ್ ನಂಬರ್ ಬರೆದು ಮುಖಭಂಗ ಮಾಡಿಕೊಳ್ಳಬೇಡಿ.

ಹಳೇ ಗುಮಾಸ್ತ
ಒಪ್ಪಿದೆ. ಅದಕ್ಕೇ ನಾನು ಸೆಕ್ಷನ್ ನಂಬರ್ ಒಂದೂ ಬರೆದಿಲ್ಲ, ನೋಡಿ. ಅರ್ಜಿಗೆ ಸೆಕ್ಷನ್ ಬೇಕಾಗಿಯೂ ಇಲ್ಲ. ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ನೋಡಿದರು. ಅಷ್ಟು ಸಾಕು.

ಸ್ಕೂಟಿ ಸವಾರಿಣಿ
ಮಧ್ಯೆ ನನ್ನದೊಂದು. ಕೆಲಸಕ್ಕೆ ಹೋಗುವಾಗ ದಾರಿಯಲ್ಲಿ ಸ್ಕಿಡ್ ಆಗಿ ಕಾಲು ಮುರಿದರೆ ಇದರಲ್ಲಿ ಬರತ್ತಾ?

ಸಂಹಿತೆ ಸುಬ್ಬ
ಇಎಸ್‌ಐ ಇದ್ದರೆ ಬರತ್ತೆ, 2010ರಿಂದಲೇ ಇದೆ. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ಹೊತ್ತು, ಜಾಗ, ಕೆಲಸ ಇವಕ್ಕೆ ಸಂಬಂಧ ಇರಬೇಕು. ಸಂಹಿತೆಯಲ್ಲಿ ಈಗ ಇಎಸ್‌ಐ ಇಲ್ಲದವರಿಗೂ ಸೇರಿಸಿದ್ದಾರೆ.

ಸ್ಕೂಟಿ ಸವಾರಿಣಿ
ದಾರಿಯಲ್ಲಿ ಮಗುವನ್ನು ಸ್ಕೂಲಿಗೆ ಬಿಟ್ಟು ಹೋದರೆ?

ಸಂಹಿತೆ ಸುಬ್ಬ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮೇಡಂ, ಮೂರು ಪುಟ ಆಗತ್ತೆ.

ಸಣ್ಣ ಮಾಲೀಕ
ಇಷ್ಟು ಹೊತ್ತು ಓದ್ತಾ ಇದ್ದೆ. ಎಲ್ಲರೂ ಮಾಲೀಕನಿಗೆ ಬೈತಿದ್ದೀರಿ, ಬೈರಿ. ನನ್ನದೂ 14 ಜನರ ಶೆಡ್. ನಾನೂ ಮೊದಲು ಆಪರೇಟರೇ.

ಹತ್ತು ವರ್ಷದ ಹಿಂದೆ ನನ್ನ ಹುಡುಗನೊಬ್ಬನಿಗೆ ಗ್ರೈಂಡಿಂಗ್ ಕಿಡಿ ಕಣ್ಣಿಗೆ ಬಿತ್ತು. ಅವನನ್ನು ಇಎಸ್‌ಐಗೆ ಸೇರಿಸಿರಲಿಲ್ಲ. ಆಸ್ಪತ್ರೆಯಲ್ಲಿ "ಮದುವೆ ಮನೆಯಲ್ಲಿ ಪಟಾಕಿ" ಅಂತ ಬರೆಸಿದ್ದು ನಾನೇ. ಕಣ್ಣು ಉಳಿಯಿತು, ದೇವರ ದಯೆ. ಆದರೆ ಆ ಒಂದು ತಿಂಗಳು ನಾನು ನಿದ್ದೆ ಮಾಡಿಲ್ಲ. ಕಣ್ಣು ಹೋಗಿದ್ದರೆ ಶೆಡ್ ಮಾರಬೇಕಿತ್ತು. ಹೆದರಿಕೆಗೆ ಹಾಗೆ ಮಾಡಿದೆ, ಸರಿ ಅಂತ ಹೇಳ್ತಿಲ್ಲ.

ಅದಾದ ಮೇಲೆ ಎಲ್ಲರನ್ನೂ ಸೇರಿಸಿದೆ. ಈಗ ಕಂಪನಿ ಪಾಲು ಸಂಬಳದ 3.25 ಪರ್ಸೆಂಟ್, ನೌಕರನದು 0.75. 16,500ಕ್ಕೆ ನನ್ನ ಪಾಲು 536 ಚಿಲ್ಲರೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಹೊಣೆ ಇಳಿಸಿಕೊಳ್ಳುವ ವಿಮೆ ಇನ್ನೆಲ್ಲಿದೆ? ಈ ಯೂನಿಟ್‌ನವನು ದುಡ್ಡು ಕಟ್ಟಿಯೂ ಬಳಸುತ್ತಿಲ್ಲ ಅಂದರೆ ಗುಮಾಸ್ತ ಸಾರ್ ಹೇಳಿದ್ದು ಸರಿ ಇರಬೇಕು.

ಬೇಸರದ ಬೆಂಚು
ಅಂತೂ ಒಬ್ಬರು ಒಪ್ಪಿಕೊಂಡರು. ಆ ಕಣ್ಣಿನ ಹುಡುಗನಿಗೆ ಏನು ಕೊಟ್ಟಿರಿ?

ಸಣ್ಣ ಮಾಲೀಕ
ಆಸ್ಪತ್ರೆ ಖರ್ಚು, ಎರಡು ತಿಂಗಳ ಸಂಬಳ. ಈಗಲೂ ನನ್ನ ಹತ್ತಿರವೇ ಇದ್ದಾನೆ. ಕನ್ನಡಕ ಹಾಕದೆ ಗ್ರೈಂಡರ್ ಮುಟ್ಟಿದರೆ ಅವನೇ ಹೊಸ ಹುಡುಗರಿಗೆ ಬೈಯೋದು.

ಕಲ್ಲುಪುಡಿ
ನಿಮ್ಮದೆಲ್ಲ ಒಂದೇ ಕ್ಷಣದ ಗಾಯ. ಯಾವ ದಿನ, ಎಷ್ಟು ಗಂಟೆ ಅಂತ ಹೇಳಬಹುದು. ನಮ್ಮ ಮಾವನ ಕಥೆ ಕೇಳಿ.

ಅವರು 17 ವರ್ಷ ಕಲ್ಲು ಕ್ರಷರ್‌ನಲ್ಲಿದ್ದರು. ಕೆಮ್ಮು ಶುರುವಾಯ್ತು. ಟಿಬಿ ಅಂದರು, ಆರು ತಿಂಗಳು ಮಾತ್ರೆ. ವಾಸಿಯಾಗಲಿಲ್ಲ. ಮತ್ತೆ ಟಿಬಿ ಅಂದರು, ಮತ್ತೆ ಮಾತ್ರೆ. ನಾಲ್ಕು ವರ್ಷ, ಮೂರು ಆಸ್ಪತ್ರೆ. ಒಬ್ಬ ಡಾಕ್ಟರೂ "ಏನು ಕೆಲಸ ಮಾಡ್ತೀರಿ" ಅಂತ ಕೇಳಲಿಲ್ಲ. ಕೊನೆಗೆ ಕೇಳಿದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ ಸಿಲಿಕೋಸಿಸ್ ಅಂದರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಗಂಟು ಕಟ್ಟಿಕೊಂಡಿದೆ. ತೆಗೆಯೋಕೆ ಆಗಲ್ಲ. ಕೆಲಸ ಬಿಟ್ಟರೂ ಅದು ಬೆಳೀತಾನೇ ಇರತ್ತೆ. ಇದಿದ್ದವರಿಗೆ ಟಿಬಿಯೂ ಬೇಗ ಹಿಡಿಯತ್ತಂತೆ, ಅದಕ್ಕೇ ಎರಡೂ ಸೇರಿ ಗೊಂದಲ.

ಸಿಲಿಕೋಸಿಸ್ ಕಾನೂನಿನ ಪಟ್ಟಿಯಲ್ಲಿರುವ ಕಾಯಿಲೆ. ಔದ್ಯೋಗಿಕ ಕಾಯಿಲೆ ಅಂದರೆ ಅದೂ ಅಪಘಾತದ ಲೆಕ್ಕವೇ, ಪರಿಹಾರ ಉಂಟು. ಆದರೆ 17 ವರ್ಷ ಅಲ್ಲಿದ್ದರು ಅನ್ನೋದಕ್ಕೆ ಒಂದು ಚೀಟಿ ಇಲ್ಲ. ಸಂಬಳ ಕವರಿನಲ್ಲಿ ಕೈಗೆ ಕೊಡ್ತಿದ್ದರು. ಕ್ರಷರ್ ಎರಡು ಸಲ ಕೈ ಬದಲಾಗಿದೆ. ಈಗಿನವರು "ನಮ್ಮ ಹತ್ತಿರ ಕೆಲಸ ಮಾಡೇ ಇಲ್ಲ" ಅಂತಾರೆ. ನಿಜವೇ, ಅವರ ಹತ್ತಿರ ಮಾಡಿದ್ದು ಎಂಟು ತಿಂಗಳು.

ವಾರ್ಡ್ ಸಿಸ್ಟರ್
ಕೇಳೋಕೇ ಸಂಕಟ ಆಗತ್ತೆ. ಮಾವನವರ ಹಳೇ ಓಪಿಡಿ ಚೀಟಿಗಳನ್ನು ಹುಡುಕಿ. ಒಂದರಲ್ಲಾದರೂ "ಕಲ್ಲು ಕೆಲಸ" ಅಂತ ಬರೆದಿರಬಹುದು. ಅದು ಆಗಿನ ದಾಖಲೆ, ಬೆಲೆ ಜಾಸ್ತಿ. ಜೊತೆಗೆ ಕೆಲಸ ಮಾಡಿದವರ ಹೇಳಿಕೆಗಳೂ ಬೇಕು.

ಕಲ್ಲುಪುಡಿ
ಜೊತೆಗಿದ್ದವರಲ್ಲಿ ಇಬ್ಬರು ಹೋಗಿಬಿಟ್ಟರು. ಇಬ್ಬರಿಗೂ ಕೆಮ್ಮೇ.

ಗಾರೆ ಗಂಗಣ್ಣ
ನಮ್ಮ ಮನೆ ವಿಷಯವೂ ಹೇಳ್ತೀನಿ. 2016ರಲ್ಲಿ ಅಣ್ಣ ಸಾರುವೆಯಿಂದ ಬಿದ್ದು ತೀರಿಕೊಂಡ. 35 ವರ್ಷ. ಮೇಸ್ತ್ರಿ ರಾತ್ರೋರಾತ್ರಿ ಕಾಣೆಯಾದ. ಕಟ್ಟಿಸುತ್ತಿದ್ದ ಬಿಲ್ಡರ್ ಬಂದು ಅತ್ತಿಗೆ ಕೈಗೆ ಎರಡು ಲಕ್ಷ ಇಟ್ಟು, "ಎಲ್ಲ ಚುಕ್ತಾ" ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ನಾವು ಮುಗೀತು ಅಂದುಕೊಂಡಿದ್ದೆವು.

ಒಬ್ಬ ಯೂನಿಯನ್‌ನವರು ಹೇಳಿದರು: ಸಾವಿನ ಪರಿಹಾರ ಕೈಗೆ ಕೊಟ್ಟರೆ ಕೊಟ್ಟ ಹಾಗಲ್ಲ, ನೌಕರರ ಪರಿಹಾರ ಕಮಿಷನರ್ ಹತ್ತಿರ ಡಿಪಾಸಿಟ್ ಮಾಡಬೇಕು ಅಂತ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೂ ಬೆಲೆ ಇಲ್ಲ ಅಂತ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು, 20ನೇ ತಿಂಗಳಲ್ಲಿ ಹಾಕಿದೆವು. ಆಗ ಲೆಕ್ಕಕ್ಕೆ 8,000 ಸಂಬಳವೇ ಮಿತಿ. ಸಾವಾದರೆ ಅದರ ಅರ್ಧ, ಅಂದರೆ 4,000, 35 ವರ್ಷಕ್ಕೆ ಅಂಶ 197.06. ಒಟ್ಟು 7,88,240. ಮೇಲೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ. ಮೇಸ್ತ್ರಿ ಸಿಗದಿದ್ದರೂ ಅಸಲು ಮಾಲೀಕನೇ ಕೊಡಬೇಕು ಅಂತ ಆಯ್ತು.

ಮೂರು ವರ್ಷ ಅಲೆದೆವು. ಅತ್ತಿಗೆ ಪ್ರತಿ ತಾರೀಕಿಗೂ ಕೂಲಿ ಬಿಟ್ಟು ಬರ್ತಿದ್ದರು. ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಆಯ್ತು.

ಬರೀ ಓದುವವ
ಗಂಗಣ್ಣ ಅವರೇ, ಮೊದಲು ಹೇಳಿದ್ದನ್ನು ವಾಪಸ್ ತಗೊಳ್ತೀನಿ. ಆ ಛಾಪಾ ಕಾಗದಕ್ಕೆ ಬೆಲೆಯೇ ಇಲ್ಲ ಅಂದರೆ ಯಾಕೆ ಬರೆಸಿಕೊಳ್ತಾರೆ?

ಲೇತ್ ಮಾಸ್ತರ್
ನಮ್ಮವರು ಬೆಲೆ ಇದೆ ಅಂತ ನಂಬ್ತಾರಲ್ಲ, ಅದಕ್ಕೆ.

ಫಿಸಿಯೋ ಮೇಡಂ
ಕಾಗದದ ಮಾತೇ ಆಗ್ತಿದೆ. ಕೈ ವಿಷಯ ಯಾರೂ ಕೇಳಲಿಲ್ಲ. ಹೊಲಿಗೆ ಬಿಚ್ಚಿದರಾ? ಮಿಕ್ಕ ಬೆರಳುಗಳು ಮಡಚೋಕೆ ಬರ್ತಿದೆಯಾ?

ದೊಡ್ಡಕ್ಕ
ಹೊಲಿಗೆ ಬಿಚ್ಚಿ ಐದು ದಿನ ಆಯ್ತು. ಕೈಯನ್ನು ಜೋಳಿಗೆ ಹಾಕಿ ಎದೆಗೆ ಒತ್ತಿಕೊಂಡೇ ಇರ್ತಾನೆ. ಮಡಚೋಕೇ ಹೋಗಲ್ಲ. ಇಲ್ಲದ ಬೆರಳ ತುದಿ ಉರೀತಿದೆ ಅಂತಾನೆ. ಮೊನ್ನೆ ತಣ್ಣೀರು ಮುಟ್ಟಿ ಕಿರುಚಿದ.

ಫಿಸಿಯೋ ಮೇಡಂ
ಇಲ್ಲದ ಬೆರಳು ಉರಿಯೋದು, ತಣ್ಣೀರು ತಡೆಯದೆ ಇರೋದು ಎರಡೂ ಇಂಥ ಗಾಯದಲ್ಲಿ ಸಾಮಾನ್ಯ. ಅವನಿಗೆ ಹುಚ್ಚು ಹಿಡಿದಿಲ್ಲ ಅಂತ ಮೊದಲು ಹೇಳಿ, ಎಷ್ಟೋ ಜನ ಹೆದರಿ ಯಾರಿಗೂ ಹೇಳೋದೇ ಇಲ್ಲ.

ನನಗೆ ಚಿಂತೆ ಇರೋದು ಜೋಳಿಗೆ ಬಗ್ಗೆ. ಹೋದ ಬೆರಳಿಗಿಂತ ಉಳಿದ ಬೆರಳುಗಳು ಬಿಗಿದುಕೊಂಡರೆ ನಷ್ಟ ಜಾಸ್ತಿ. ಉಂಗುರದ ಬೆರಳು, ಕಿರುಬೆರಳು, ಮಣಿಕಟ್ಟು, ಮೊಣಕೈ, ಭುಜ ಎಲ್ಲ ಬಿಗಿಯತ್ತೆ. ಡಾಕ್ಟರನ್ನು ಕೇಳಿ ಇವತ್ತಿನಿಂದಲೇ ಅಲ್ಲಾಡಿಸೋಕೆ ಶುರು ಮಾಡಿಸಿ. ಕೂತಾಗ ಕೈ ಎದೆಗಿಂತ ಮೇಲಿರಲಿ, ಊತ ಇಳಿಯತ್ತೆ. ಗಾಯ ಪೂರ್ತಿ ಒಣಗಿದ ಮೇಲೆ ಮೊಂಡು ತುದಿಯನ್ನು ಮೊದಲು ಹತ್ತಿಯಿಂದ, ಆಮೇಲೆ ಬಟ್ಟೆಯಿಂದ, ಆಮೇಲೆ ಅಕ್ಕಿಯಲ್ಲಿ ಕೈ ಆಡಿಸಿ ಅಭ್ಯಾಸ ಮಾಡಿಸ್ತಾರೆ. ಮುಟ್ಟಿದರೆ ಕಿರುಚೋದು ಕಡಿಮೆಯಾಗತ್ತೆ. ಇಎಸ್‌ಐ ಆಸ್ಪತ್ರೆಯಲ್ಲಿ ಫಿಸಿಯೋ ವಿಭಾಗ ಇರತ್ತೆ, ಬರೆಸಿಕೊಳ್ಳಿ.

ಚಕ್ರವರ್ತಿ ಗುಂಡ
ಇಎಸ್‌ಐ ಆಸ್ಪತ್ರೆನಾ? ಬೆಳಗ್ಗೆ ಹೋದರೆ ಸಂಜೆ ಚೀಟಿ ಸಿಗತ್ತೆ.

ಪ್ರೆಸ್‌ಶಾಪ್ ಪುಟ್ಟ
ಕ್ಯೂ ನಿಜ. ಆದರೆ ನನ್ನ ಬೆರಳಿಗೆ ಎರಡನೇ ಆಪರೇಷನ್ ಮಾಡಿದ್ದು ಅಲ್ಲೇ, ಒಂದು ರೂಪಾಯಿ ಕೊಟ್ಟಿಲ್ಲ. ಬೆಳಗ್ಗೆ ಏಳಕ್ಕೇ ಹೋಗಿ, ತಿಂಡಿ ಕಟ್ಟಿಕೊಂಡು ಹೋಗಿ, ಆಧಾರ್ ಜೆರಾಕ್ಸ್ ನಾಲ್ಕು ಇಟ್ಟುಕೊಳ್ಳಿ.

ಹಳೇ ಗುಮಾಸ್ತ
ಈಗ ಅಸಲು ಪ್ರಶ್ನೆ, ಗೇಟಿನ ಕಥೆ ತಿದ್ದೋದು ಹೇಗೆ. ನರ್ಸಿಂಗ್ ಹೋಮ್‌ನವರು ಚೀಟಿ ಬದಲಾಯಿಸಿ ಕೊಡ್ತಾರೆ ಅಂತ ಕಾಯಬೇಡಿ. ಬದಲಾಯಿಸಿದರೂ ಅನುಮಾನವೇ ಬರತ್ತೆ. ಆ ಚೀಟಿಯ ಪಕ್ಕದಲ್ಲಿ ಬೇರೆ ಸಾಕ್ಷಿ ನಿಲ್ಲಿಸಬೇಕು.

ಮೊದಲು ತಮ್ಮನ ಹೆಸರಿನಲ್ಲಿ ಕಂಪನಿಗೆ ಒಂದು ಪತ್ರ. ಇಂಥ ದಿನ, ಇಂಥ ಶಿಫ್ಟ್, ಇಂಥ ಮಷಿನ್, ಹೀಗಾಯಿತು, ಆಸ್ಪತ್ರೆಯಲ್ಲಿ ತಪ್ಪು ಕಾರಣ ಹೇಳಿದವರು ಇಂಥವರು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅದರ ಪ್ರತಿಯನ್ನು ಇಎಸ್‌ಐ ಬ್ರಾಂಚ್ ಆಫೀಸಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕಂಪನಿ ಫಾರಂ 12ರಲ್ಲಿ ಅಪಘಾತ ವರದಿ ಕೊಡಬೇಕಿತ್ತು, ಕೊಟ್ಟಿಲ್ಲ ಅಂತಲೂ ಬರೆಯಿರಿ. ಮಾಲೀಕ ಕೊಡದಿದ್ದರೆ ನೌಕರನ ಹಕ್ಕು ಹೋಗಲ್ಲ. ಬ್ರಾಂಚ್ ಮ್ಯಾನೇಜರ್ ತಾವೇ ವಿಚಾರಣೆ ಮಾಡಬಹುದು.

ಆ ರಾತ್ರಿಯ ಹಾಜರಿ ಬೇಕು. ಬಯೋಮೆಟ್ರಿಕ್ ಆದರೆ ಇನ್ನೂ ಒಳ್ಳೇದು. ಒಳಗೆ ಬಂದ ಸಮಯ ಇದೆ, ಶಿಫ್ಟ್ ಮುಗಿದು ಹೊರಗೆ ಹೋದ ಸಮಯ ಇಲ್ಲ, ನರ್ಸಿಂಗ್ ಹೋಮ್‌ನಲ್ಲಿ ದಾಖಲಾದದ್ದು ರಾತ್ರಿ ಎರಡು ಗಂಟೆಗೆ. ನೈಟ್ ಶಿಫ್ಟ್‌ನಲ್ಲಿದ್ದವನ ಕೈ ಮನೆ ಗೇಟಿಗೆ ಹೇಗೆ ಸಿಕ್ಕಿತು? ಇದೊಂದೇ ಸಾಕು ಆ ಕಥೆ ಮುರಿಯೋಕೆ. ಬಿಲ್ ಯಾರು ಕಟ್ಟಿದರು ಅನ್ನೋದೂ ನೋಡಿ. ಮನೆ ಗೇಟಿನ ಗಾಯಕ್ಕೆ ಕಂಪನಿ ಯಾಕೆ ಬಿಲ್ ಕಟ್ಟಿತು? ಸೂಪರ್‌ವೈಸರ್ ಜೊತೆ ವಾಟ್ಸಾಪ್ ಮಾತು ಏನಾದರೂ ಇದ್ದರೆ ಅಳಿಸಬೇಡಿ.

ತಮ್ಮನಿಗೆ ಒಂದು ಮಾತು ಹೇಳಿ. ತಾತ್ಕಾಲಿಕ ಭತ್ಯೆ (ಆ ದಿನದ 495) ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ. ತೆಗೆದರೆ ಅದು ಬೇರೆ ತಪ್ಪು. ಇಎಸ್‌ಐ ಡಾಕ್ಟರ್ "ಫೈನಲ್ ಸರ್ಟಿಫಿಕೇಟ್" ಕೊಡೋಕೆ ಬಂದಾಗ ಕೈ ನಿಜವಾಗಿ ಕೆಲಸಕ್ಕೆ ತಯಾರಿದೆಯಾ ನೋಡಿಕೊಳ್ಳಿ. ಆ ಚೀಟಿ ಬಿದ್ದ ದಿನಕ್ಕೆ ದಿನದ ಭತ್ಯೆ ನಿಲ್ಲತ್ತೆ. ಆಮೇಲೆ ಮೆಡಿಕಲ್ ಬೋರ್ಡ್‌ಗೆ ಅರ್ಜಿ, 12 ತಿಂಗಳೊಳಗೆ. ಪರ್ಸೆಂಟ್ ಹಾಕೋದು ಅವರು. ಕಡಿಮೆ ಹಾಕಿದರೆ ಮೇಲ್ಮನವಿ ಇದೆ.

ಲೇತ್ ಮಾಸ್ತರ್
ಗುಮಾಸ್ತರೇ, ನೀವು ಕಂಪನಿ ಕಡೆ ಇದ್ದವರು. ಇಷ್ಟೆಲ್ಲ ಹೇಳಿಕೊಡ್ತಿದ್ದೀರಲ್ಲ.

ಹಳೇ ಗುಮಾಸ್ತ
22 ವರ್ಷದಲ್ಲಿ ಎಷ್ಟು "ಮನೆ ಗೇಟು" ಬರೆದಿದ್ದೇನೆ ಅಂತ ನಿಮಗೇನು ಗೊತ್ತು.

ದೊಡ್ಡಕ್ಕ
ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಕೂರಿಸಿ ಪೂರ್ತಿ ಓದಿ ಹೇಳಿದೆ. ಲೇತ್ ಮಾಸ್ತರ್ ಅವರ 2,670ರ ಲೆಕ್ಕ ಎರಡು ಸಲ ಕೇಳಿದ. ಸಹಿ ಹಾಕಲ್ಲ ಅಂದಿದ್ದಾನೆ. ನಾಳೆ ಬ್ರಾಂಚ್ ಆಫೀಸಿಗೆ ಹೋಗ್ತೀವಿ.

ದೊಡ್ಡಕ್ಕ (ಮೂರು ವಾರದ ನಂತರ)
ಏನಾಯ್ತು ಅಂತ ಕೆಲವರು ಮೆಸೇಜ್ ಮಾಡಿ ಕೇಳಿದಿರಿ.

ಬ್ರಾಂಚ್ ಆಫೀಸಿನಲ್ಲಿ ಮೊದಲ ದಿನ ಕೌಂಟರ್‌ನವರು "ಗೇಟು ಅಂತ ಇದೆಯಲ್ಲಮ್ಮಾ" ಅಂತ ವಾಪಸ್ ಕಳಿಸಿದರು. ಎರಡನೇ ದಿನ ಮ್ಯಾನೇಜರನ್ನೇ ನೋಡಿದೆವು. ರಾತ್ರಿ 2.10ರ ಅಡ್ಮಿಷನ್ ಚೀಟಿ, ಕಂಪನಿ ಕಾರ್ಡಿನಿಂದ ಬಿಲ್ ಕಟ್ಟಿದ ರಸೀತಿ ಎರಡೂ ಪಕ್ಕಪಕ್ಕ ಇಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ ಅರ್ಜಿ ತಗೊಂಡರು, ಸೀಲ್ ಹಾಕಿಕೊಟ್ಟರು. ಸೆಟ್ಟರ್ ಹುಡುಗ ಹೇಳಿಕೆ ಕೊಡ್ತೀನಿ ಅಂದಿದ್ದ, ಆಮೇಲೆ ಫೋನ್ ಎತ್ತಲಿಲ್ಲ. ಅವನಿಗೂ ಕೆಲಸ ಬೇಕಲ್ಲ. ಆದರೆ ಬೇರೆ ಶಿಫ್ಟಿನ ಇನ್ನೊಬ್ಬರು ಗಾರ್ಡ್ ಇಲ್ಲದ ಮಷಿನ್ನಿನ ಫೋಟೊ ಕಳಿಸಿದರು, ನಾನು ಕೇಳಿಯೂ ಇರಲಿಲ್ಲ.

ಕಂಪನಿ ಈಗ ಫಾರಂ 12 ಕೊಟ್ಟಿದೆ. ಅದರಲ್ಲಿ ಪ್ರೆಸ್ ಅಂತಲೇ ಬರೆದಿದ್ದಾರೆ. ದಿನದ ಭತ್ಯೆ ಇನ್ನೂ ಬಂದಿಲ್ಲ, ವಿಚಾರಣೆ ನಡೀತಿದೆ. ಫಿಸಿಯೋ ನಡೀತಿದೆ, ಉಂಗುರದ ಬೆರಳು ಈಗ ಅಂಗೈ ಮುಟ್ಟತ್ತೆ.

ಫಿಸಿಯೋ ಮೇಡಂ
ಅಂಗೈ ಮುಟ್ಟತ್ತಾ! ಇನ್ನು ಲೋಟ ಹಿಡಿಯೋಕೆ ಕಲಿಸಿ.

ಪ್ರೆಸ್‌ಶಾಪ್ ಪುಟ್ಟ
ಅಕ್ಕಾ, ಆ ಮಷಿನ್‌ಗೆ ಗಾರ್ಡ್ ಹಾಕಿದರಾ?

ದೊಡ್ಡಕ್ಕ
ಹಾಕಿದ್ದಾರಂತೆ. ಇನ್‌ಸ್ಪೆಕ್ಟರ್ ಬರುವ ಹಿಂದಿನ ಸಂಜೆ. ರಬ್ಬರ್ ಬ್ಯಾಂಡ್ ಇನ್ನೂ ಬಟನ್ ಪಕ್ಕದ ಮೊಳೆಯಲ್ಲೇ ನೇತಾಡ್ತಿದೆಯಂತೆ.